ಅತ್ತೆ ಕಾಯ್ದ ಕುರಿ

ನಾನು ಮೊದಲು ಸಾಕಿದ ಕುರಿಗೆ ವಾಸನೆ ಇರಲಿಲ್ಲ. ಅದು ಹಿಕ್ಕೆ ಹಾಕುತ್ತಿರಲಿಲ್ಲ, ಬೇಲಿ ನುಗ್ಗುತ್ತಿರಲಿಲ್ಲ. ಎರಡು ಪೆನ್‌ಸೆಲ್ ಹಾಕಿದರೆ ಏಳುತ್ತಿತ್ತು, ತೆಗೆದರೆ ಮಲಗುತ್ತಿತ್ತು. ಅಂಥ ಕುರಿಯನ್ನು ಕಂಕುಳಲ್ಲಿಟ್ಟುಕೊಂಡು ನಾನು ನಿಜವಾದ ಕುರಿಗಳಿದ್ದ ಮನೆಗೆ ಸೊಸೆಯಾಗಿ ಹೋದೆ. ಅದರಿಂದ ಆದ ಅನಾಹುತವನ್ನು ನಿಮ್ಮೊಬ್ಬರಿಗೆ ಹೇಳುತ್ತೇನೆ.

ಹುಣಸೂರಿನಲ್ಲಿ ನನ್ನ ಅಣ್ಣನದು ರೇಡಿಯೊ, ಟೀವಿ ರಿಪೇರಿ ಅಂಗಡಿ. ಎರಡು ಸಾವಿರದ ಇಸವಿ ದಾಟಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಯಾರೋ ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಒಂದನ್ನು ರಿಪೇರಿಗೆ ಕೊಟ್ಟವರು ತಿರುಗಿ ಬರಲೇ ಇಲ್ಲ. ಅಣ್ಣ ಬಹಳ ದಿನ ಕಾದು, ಕೊನೆಗೆ ಅದನ್ನು ಸರಿಮಾಡಿ, ಮದುವೆಯಾಗಿ ಮಿರ್ಲೆಗೆ ಹೊರಟಿದ್ದ ನನ್ನ ಚೀಲಕ್ಕೆ ಹಾಕಿದ. "ಹಳ್ಳೀಲಿ ಹೊತ್ತು ಹೋಗ್ಬೇಕಲ್ಲ ನಿಂಗೆ" ಅಂದ. ಸೋಪಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಬೂದುಬಣ್ಣದ ಪುಟ್ಟ ಪರದೆ. ಒಳಗಿದ್ದದ್ದು ಒಂದೇ ಆಟ: ಹುಲ್ಲಿನಲ್ಲಿ ಅಡಗಿರುವ ವಿಚಿತ್ರ ಪ್ರಾಣಿಗಳನ್ನು ಬುಟ್ಟಿ ಕವುಚಿ ಹಿಡಿಯಬೇಕು, ಸಾಕಬೇಕು, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸಬೇಕು. ಹಕ್ಕಿಯಂಥದು, ಹಾವಿನಂಥದು, ಉರಿಯುವ ಬಾಲದ ಹಲ್ಲಿಯಂಥದು ಏನೇನೋ ಇದ್ದವು. ನನ್ನ ಬುಟ್ಟಿಗೆ ಮೊದಲು ಬಿದ್ದದ್ದು ಕುರಿಯಂಥದು.

ನಮ್ಮ ಮಾತು ಕುರಿಗೆ ನ್ಯಾಯ ಮಾಡಿಲ್ಲ. ದಡ್ಡನನ್ನು ಕುರಿ ಎನ್ನುತ್ತೇವೆ. ಮೋಸ ಹೋದವನನ್ನು ಕುರಿ ಮಾಡಿದರು ಎನ್ನುತ್ತೇವೆ. ತೀರ್ಮಾನಕ್ಕೆ ಬಾರದವನು ಮೀನ ಮೇಷ ಎಣಿಸುತ್ತಾನೆ. ಅಲ್ಲೂ ಪಾಪ, ಮೀನಿನ ಜೊತೆ ಒಂದು ಕುರಿಯನ್ನು ನಿಲ್ಲಿಸಿದ್ದೇವೆ. ರಾಶಿಚಕ್ರದಲ್ಲಿ ಸಿಂಹಕ್ಕಿಂತ ಮುಂದೆ, ಎಲ್ಲಕ್ಕಿಂತ ಮೊದಲು ನಿಂತಿರುವುದು ಮೇಷವೇ ಎನ್ನುವುದು ಬಯ್ಯುವಾಗ ನಮಗೆ ನೆನಪಾಗುವುದಿಲ್ಲ. ಆ ಆಟ ಮಾಡಿದವರಿಗೆ ಮಾತ್ರ ಕುರಿಯ ಮೇಲೆ ಮರ್ಯಾದೆಯಿತ್ತು. ಅವರ ಕುರಿಯ ಮೈತುಂಬ ಮೋಡದಂಥ ಉಣ್ಣೆ, ಮುಖದಲ್ಲಿ ಸದಾ ಈಗಷ್ಟೇ ನಿದ್ದೆಯಿಂದ ಎದ್ದ ಕಳೆ. ಕೋಪ ಬಂದರೆ ಎದುರಾಳಿಯ ತಲೆಯ ಮೇಲೆ ಆಲಿಕಲ್ಲು ಸುರಿಸುತ್ತಿತ್ತು. ಎಚ್.ಡಿ. ಕೋಟೆ ಕಡೆ ಬಿಡಿಸಿ ರಾಶಿ ಹಾಕಿದ ಹತ್ತಿಯ ಹಾಗೆ ಕಂಡದ್ದರಿಂದ ನಾನು ಅದಕ್ಕೆ ಹತ್ತಿ ಎಂದು ಹೆಸರಿಟ್ಟೆ.

ಆ ಪರದೆಗೆ ಸ್ವಂತ ಬೆಳಕಿರಲಿಲ್ಲ, ಬಿಸಿಲಿನಲ್ಲಿ ಹಿಡಿದರೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಹಾಗಾಗಿ ಕದ್ದು ಆಡುವ ಸುಖ ನನಗೆ ದಕ್ಕಲಿಲ್ಲ. ಅಡಿಗೆ ಮುಗಿಸಿ ಜಗಲಿಯ ಬಿಸಿಲಿಗೆ ಬಂದು ಕೂರುತ್ತಿದ್ದೆ, ಬೀದಿಯವರೆಲ್ಲ ನೋಡುತ್ತಿದ್ದರು.

ಅತ್ತೆ ಒಂದು ದಿನ ಸೊಪ್ಪಿನ ಹೊರೆ ಇಳಿಸಿ ನಿಂತರು. "ಅದೇನವ್ವ, ದಿನಾ ಅಂಗೈ ನೋಡ್ಕಂಡು ಕುಂತಿರ್ತೀಯ? ಶಾಸ್ತ್ರ ಏಳ್ತದಾ ಅದು?"

"ಆಟ ಅತ್ತೆ."

"ಆಟ ಆಡೋ ವಯಸ್ಸಾ ನಿಂದು?"

ಅಷ್ಟೆ. ಕೂಗಾಡಲಿಲ್ಲ. ಆದರೆ ಸಂಜೆಯ ಹೊತ್ತಿಗೆ ನನ್ನ ಆಟದ ಡಬ್ಬಿ ಅಟ್ಟ ಸೇರಿ, ಬೀಜಕ್ಕೆ ಬಿಟ್ಟ ಹೀರೆಕಾಯಿಗಳ ಪಕ್ಕದಲ್ಲಿ ಕೂತಿತ್ತು. ನಮ್ಮವರನ್ನು ಕೇಳಿದರೆ, "ನಿಮ್ಮಿಬ್ಬರ ಮಧ್ಯೆ ನನ್ನ ಎಳೀಬ್ಯಾಡ ಮಾರಾಯ್ತಿ" ಎಂದು ಗದ್ದೆಗೆ ಹೋದರು. ಆಮೇಲೆ ಅತ್ತೆಗೂ ನನಗೂ ಉಪ್ಪು, ನೀರು, ಸೌದೆಯ ಹೊರತು ಮಾತಿರಲಿಲ್ಲ. ಸುಗ್ಗಿ ಮುಗಿದದ್ದೇ ಹುಣಸೂರಿಗೆ ಹೋಗುವುದು, ಕರೆಯಲು ಬಂದರೂ ಹೊರಡಬಾರದು ಎಂದು ನಾನು ಒಲೆಯ ಮುಂದೆ ಕೂತು ನಿಶ್ಚಯಿಸಿದ್ದೆ. ಬಟ್ಟೆಯನ್ನೂ ಒಂದು ಕಡೆ ಮಡಿಸಿಟ್ಟುಕೊಂಡಿದ್ದೆ.

ಸುಗ್ಗಿ ಮುಗಿಯಿತು. ಆದರೆ ನಾನು ಹೊರಡುವ ಮೊದಲೇ ಅತ್ತೆ ಕುರಿದೊಡ್ಡಿಯ ಮುಂದಿನ ಚಪ್ಪಡಿಯ ಮೇಲೆ, ಬೆಳಗಿನ ಇಬ್ಬನಿಗೆ ಜಾರಿ ಬಿದ್ದರು. ಕೆ.ಆರ್. ನಗರಕ್ಕೆ ಕರೆದುಕೊಂಡು ಹೋದೆವು. ಮೊಣಕಾಲಿನಿಂದ ಪಾದದವರೆಗೆ ಪಟ್ಟಿ ಹಾಕಿ, ಕಾಲು ನೆಲಕ್ಕೆ ಊರಲೇಬಾರದು ಎಂದು ಹೇಳಿ ಕಳಿಸಿದರು. ಕಾಲು ಮುರಿದ ಅತ್ತೆಯನ್ನು ಬಿಟ್ಟು ಸಿಟ್ಟು ಮಾಡಿಕೊಂಡು ತವರಿಗೆ ಹೋಗುವುದು ಹೇಗೆ? ಸಿಟ್ಟಿಗೂ ಒಂದು ಸಮಯ ಸಂದರ್ಭ ಬೇಕು. ಬಟ್ಟೆಯನ್ನು ತಿರುಗಿ ಪೆಟ್ಟಿಗೆಗೆ ಹಾಕಿದೆ.

ಈಗ ಕುರಿಗಳ ಪ್ರಶ್ನೆ ಬಂತು. ಮನೆಯಲ್ಲಿ ಮೂರಿದ್ದವು, ಅತ್ತೆಯ ಸ್ವಂತದವು. ನಮ್ಮವರಿಗೆ ಗದ್ದೆ ಕೆಲಸ. ಉಳಿದವಳು ನಾನೇ. ಹುಣಸೂರಿನ ಪೇಟೆಬೀದಿಯಲ್ಲಿ ಬೆಳೆದ ನಾನು ಕುರಿ ಕಂಡದ್ದು ಸಂತೆಯಲ್ಲಿ, ಅದೂ ದೂರದಿಂದ. ಅವುಗಳ ಉಣ್ಣೆ ಹತ್ತಿಯದರಂತೆ ಮೆತ್ತಗಿರುತ್ತದೆ ಎಂದು ನಂಬಿದ್ದೆ. ಮುಟ್ಟಿದರೆ ಎಣ್ಣೆಗಟ್ಟಿದ ಹಳೇ ಚಾಪೆ! ಮೂರರಲ್ಲಿ ದೊಡ್ಡದು ಕೆಂಚಿ. ನನ್ನನ್ನು ಕಂಡರೆ ತಲೆ ತಗ್ಗಿಸುತ್ತಿದ್ದಳು. ಗೌರವದಿಂದಲ್ಲ, ಗುದ್ದುವುದಕ್ಕೆ. ನಾನು ಉದ್ದನೆಯ ಕೋಲು ಹಿಡಿದು, ಕೋಲಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಕುರಿ ಎಂಬಂತೆ ಕುಯ್ದ ಗದ್ದೆಯ ಕೂಳೆಯಲ್ಲಿ ಮೇಯಿಸಿಕೊಂಡು ಬರುತ್ತಿದ್ದೆ.

ಅತ್ತೆಗೆ ಮಂಚವೇ ಶಿಕ್ಷೆ. ಒಂದು ಮಧ್ಯಾಹ್ನ ಗೋಡೆಯ ಕಡೆ ನೋಡುತ್ತಾ, "ಆ ಸೋಪಿನ ಡಬ್ಬಿ ಇಳಿಸ್ಕೊಡು. ಅದ್ರೊಳಗೆ ಒಂದ್ ಕುರಿ ಇತ್ತಲ್ವಾ" ಅಂದರು.

ನನಗೆ ಆಶ್ಚರ್ಯ. ಹಾಗಾದರೆ ಹೊರೆ ಇಳಿಸಿದವರು ನನ್ನ ಹೆಗಲ ಮೇಲಿಂದ ನೋಡಿಯೇ ಗದರಿಸಿದ್ದರು. ಡಬ್ಬಿ ಇಳಿಸಿ, ಧೂಳು ಒರೆಸಿ, ಸೆಲ್ ಹಾಕಿ, ಮಂಚವನ್ನು ಕಿಟಕಿಯ ಬಿಸಿಲಿಗೆ ಎಳೆದೆ. ಹೆಸರು ಹೇಳಿದೆ. ಅತ್ತೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲವಾದ್ದರಿಂದ ಹತ್ತಿ ಅತ್ತಿಯಾಯಿತು. "ಅತ್ತಿ ಮೇಯ್ತಾವ್ಳೆ" ಎಂದು ಅತ್ತೆ ಹೇಳಿದಾಗಲೆಲ್ಲ ನಮ್ಮವರು ಮುಖ ತಿರುಗಿಸಿ ನಗುತ್ತಿದ್ದರು.

ಇಂಗ್ಲಿಷ್ ಅಕ್ಷರ ಬಾರದ ಅತ್ತೆ ಆಟ ಕಲಿತದ್ದು ನೋಡಬೇಕಿತ್ತು. ಮುಗಿಸುವ ಮುಂಚೆ ಆಟವನ್ನು ಉಳಿಸಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ ಎಂದೆ. "ದೊಡ್ಡಿಗೆ ಅಗಣಿ ಆಕ್ದಂಗೆ ಅನ್ನು" ಎಂದು, ಒಂದು ದಿನವೂ ಮರೆಯದೆ ಅಗಣಿ ಹಾಕಿದರು. ಕಾದಾಟಕ್ಕೆ ಮಾತ್ರ ಒಪ್ಪಲಿಲ್ಲ. "ಕಾದಾಡೋಕೆ ಅದೇನ್ ಟಗರಾ? ಎಣ್ಗುರಿ ಕಣವ್ವ. ಅದ್ರ ಮಕ ನೋಡು, ಜಗಳ ಆಡೋ ಮಕವಾ ಅದು?" ಎದುರಾಳಿ ಬಂದರೆ ಸಾಕು, ಓಡಿಹೋಗುವ ಗುಂಡಿ ಒತ್ತುತ್ತಿದ್ದರು. ಓಡಿ ಓಡಿ ಹತ್ತಿ ಆ ಲೋಕದಲ್ಲೇ ಅತ್ಯಂತ ಹೇಡಿ ಎನಿಸಿಕೊಂಡಿರಬೇಕು. ದಾರಿಯಲ್ಲಿ ಸಿಗುವ ಹಣ್ಣುಗಳನ್ನು ಮಾತ್ರ ಒಂದೂ ಬಿಡದೆ ಆಯ್ದು ಅದಕ್ಕೆ ತಿನ್ನಿಸುತ್ತಿದ್ದರು.

ಸಂಜೆ ನಾನು ಕುರಿ ಹೊಡೆದುಕೊಂಡು ಬಂದ ಮೇಲೆ ಇಬ್ಬರೂ ವರದಿ ಒಪ್ಪಿಸಿಕೊಳ್ಳುತ್ತಿದ್ದೆವು. ಕೆಂಚಿ ಏನು ತಿಂದಳು, ಹತ್ತಿ ಏನು ತಿಂದಳು. ಉಪ್ಪು, ನೀರು, ಸೌದೆ ದಾಟಿ ಮಾತು ಬೆಳೆದದ್ದು ಹಾಗೆ. ಕೆಂಚಿಯ ಗುಣಾವಗುಣಗಳನ್ನು ಅತ್ತೆ ಹೇಳಿದರು: ಕರೆದರೆ ಬರುವವಳಲ್ಲ, ತಲೆ ಎತ್ತಿ, "ಕೇಳಿಸಿತು, ಆದರೆ ಬರುವುದಿಲ್ಲ" ಎಂಬಂತೆ ಒಮ್ಮೆ ನೋಡಿ, ಮತ್ತೆ ಮೇಯುತ್ತಾಳೆ.

ಹೀಗಿರುವಾಗ ಒಂದು ದಿನ ಕುಯ್ದ ಗದ್ದೆಗಳಿಗೆ ಹೊರಗಿನ ಕುರಿಮಂದೆ ಬಂತು. ಎರಡು ಮಂದೆ ಒಟ್ಟು ಸೇರಿತ್ತು. ಗದ್ದೆಯ ಬಯಲೆಲ್ಲ ಕುರಿಯೋ ಕುರಿ. ನಾನು ಅದನ್ನು ನೋಡುತ್ತಾ ಬದುವಿನ ಮೇಲೆ ನಿಂತೆ. ತಿರುಗಿ ನೋಡಿದರೆ ನನ್ನ ಕೋಲಿನ ಆ ತುದಿಯಲ್ಲಿ ಎರಡೇ ಕುರಿ. ಕೆಂಚಿ ತನ್ನವರನ್ನು ಕಂಡು ಹೋಗಿಬಿಟ್ಟಿದ್ದಳು.

ಮಂದೆಯೊಳಗೆ ಹೋಗಿ ಹುಡುಕಿದೆ. ಸಾವಿರ ಮುಖ ನನ್ನನ್ನು ನೋಡಿತು, ಎಲ್ಲವೂ ಕೆಂಚಿಯೇ. ನನಗೆ ಗೊತ್ತಿದ್ದ ದನಿಯಲ್ಲಿ "ಕೆಂಚೀ, ಬಾ" ಎಂದು ಕರೆದೆ. ಯಾರೂ ಗಮನಿಸಲಿಲ್ಲ. ಮಂದೆಯ ಯಜಮಾನ ಒಳ್ಳೆಯ ಮನುಷ್ಯ. "ಎರಡು ಮಂದೆ ಬೆರ್ತೋಗದೆ ಕಣವ್ವ, ಈ ಮಬ್ನಲ್ಲಿ ನಂಗೂ ಗೊತ್ತಾಗಕಿಲ್ಲ. ಬೆಳಿಗ್ಗೆ ಬಂದು ಗುರ್ತಿಸ್ಕೋ. ಬಿಸಿಲೇರಕ್ ಮುಂಚೆ ಬಾ, ಒಸ ಅಗ್ರಾರದ ಕಡೆ ಒಂಟೋಯ್ತೀವಿ" ಅಂದ.

ಮನೆಗೆ ಬಂದೆ. ಒಳಗಿನಿಂದ ಅತ್ತೆ ಕೇಳಿದರು. "ಕೆಂಚಿ ಬಂದ್ಲಾ?"

"ಬಂದ್ಲು ಅತ್ತೆ." ಬಾಯಿ ತಾನೇ ಹೇಳಿತು. ಮಾತು ಬದಲಿಸಲು, "ಹತ್ತಿ?" ಅಂದೆ.

"ಮಲಗವ್ಳೆ" ಅಂದರು ಅತ್ತೆ, ಬಹಳ ಬೇಗ. ಡಬ್ಬಿ ಎಂದಿನಂತೆ ಕಿಟಕಿಯ ಮೇಲಿರಲಿಲ್ಲ, ದಿಂಬಿನ ಕೆಳಗಿಂದ ಅದರ ಮೂಲೆ ಇಣುಕುತ್ತಿತ್ತು.

ಊಟಕ್ಕೆ ಕೂತೆವು. ನಾನು ಮುದ್ದೆಯನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ನೂಕಿದೆ. ಮಂಚದ ಮೇಲೆ ಅತ್ತೆಯೂ ಅದನ್ನೇ ಮಾಡುತ್ತಿದ್ದರು. "ಏನು, ಇಬ್ರಿಗೂ ಇವತ್ತು ಉಪವಾಸವಾ?" ಎಂದರು ನಮ್ಮವರು. ಅತ್ತೆಯ ಕಣ್ಣಲ್ಲಿ ನೀರು ಬಂತು.

"ಕುರಿ ಓಗ್ಬುಡ್ತು ಕಣವ್ವ."

ಯಾರೋ ಬಂದು ಹೇಳಿಬಿಟ್ಟಿದ್ದಾರೆ ಎಂದುಕೊಂಡೆ. ನನಗೂ ಅಳು ನುಗ್ಗಿತು. "ಹೌದು ಅತ್ತೆ, ಮಂದೆಗೆ ಸೇರ್ಕೊಂಡ್ಬಿಟ್ಲು. ನಾನು ಎಷ್ಟು ಕರೆದರೂ ಬರ್ಲಿಲ್ಲ."

ಅತ್ತೆಯ ಅಳು ನಿಂತಿತು. "ಮಂದೆಯಾ? ಡಬ್ಬಿಯೊಳಗೆ ಮಂದೆ ಎಲ್ಲದೆ?"

"ಡಬ್ಬಿಯಲ್ಲ ಅತ್ತೆ, ಗದ್ದೇಲಿ. ಕೆಂಚಿ."

"ಕೆಂಚಿಯಾ? ನಾನ್ ಅತ್ತಿ ವಿಸ್ಯ ಏಳ್ತಿರೋದು!"

ನಮ್ಮವರು ಕೈತೊಳೆದು ಎದ್ದು, ಎರಡು ಕುರಿಯ ವಿಚಾರಣೆಯನ್ನೂ ನಡೆಸಿದರು. ಅತ್ತೆ ದಿಂಬಿನಡಿಯಿಂದ ಡಬ್ಬಿ ತೆಗೆದು ದೀಪದ ಕೆಳಗೆ ಹಿಡಿದರು. ಪರದೆಯಲ್ಲಿ ಹತ್ತಿ ಇರಲಿಲ್ಲ. ಎರಡು ಕಾಲಿನ ಮೇಲೆ ನಿಂತ, ತಿರುಚಿದ ಕೊಂಬಿನ, ಉಣ್ಣೆಯಿಲ್ಲದ ಒಂದು ಪ್ರಾಣಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಮ್ಮನ್ನು ನೋಡುತ್ತಿತ್ತು.

"ನಾನೇನೂ ಮಾಡ್ನಿಲ್ಲ ಕಣವ್ವ. ಅಣ್ಣು ಕೊಟ್ಟೆ, ತಿಂತು. ಮೈಯೆಲ್ಲ ಪಳಪಳ ಅಂತು. ನೋಡ್ದೇಟ್ಗೆ ಇದು ನಿಂತದೆ. ಗಾಬ್ರಿಯಾಗಿ ಅಗಣಿ ಬ್ಯಾರೆ ಆಕ್ಬುಟ್ಟೆ. ನಿನ್ ತವರಿಂದ ತಂದ ಕುರೀನ ನಾನು ಆಳ್ ಮಾಡ್ದೆ."

ನಾನು ಬೈಸಿಕೊಳ್ಳಲು ಸಿದ್ಧಳಾಗಿ ಕೂತಿದ್ದೆ. ಅತ್ತೆ ಕೆಂಚಿಯ ಬಗ್ಗೆ ಹೇಳಿದ್ದು ಇಷ್ಟೇ: "ಮಂದೆ ಕಂಡ್ರೆ ಓಯ್ತದೆ, ಕುರಿ ಅಲ್ವಾ? ಅದ್ಕೆ ಉಣ್ಣದೆ ಕುಂತಿದ್ಯಾ? ಉಣ್ಣು. ಬೆಳಿಗ್ಗೆ ನಾನೂ ಬತ್ತೀನಿ."

ಬೆಳಿಗ್ಗೆ ನಮ್ಮವರು ತಂದ ಟ್ರಾಕ್ಟರಿನ ಟ್ರೇಲರಿಗೆ ಹುಲ್ಲು ಹಾಸಿ, ಮೇಲೆ ಹಾಸಿಗೆ ಹಾಕಿ, ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟು ಅತ್ತೆಯನ್ನು ಗದ್ದೆಗೆ ಕರೆದೊಯ್ದೆವು. ಮಂದೆ ಆಗಲೇ ಏಳುತ್ತಿತ್ತು. ಅತ್ತೆ ಹಾಸಿಗೆಯ ಮೇಲೆ ನೆಟ್ಟಗೆ ಕೂತು ಕೂಗಿದರು. ಆ ಕೂಗನ್ನು ಬರೆಯಲು ಅಕ್ಷರಗಳಿಲ್ಲ. ಗದ್ದೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಮಂದೆ ಕದಲಲಿಲ್ಲ. ಎರಡನೇ ಸಲ ಕೂಗಿದರು. ತಲೆ ಎತ್ತಿದ ಕುರಿ ಒಂದೂ ಅವರ ಕಣ್ಣಿಗೆ ಬೀಳಲಿಲ್ಲ. ಅತ್ತೆಯ ಮುಖ ಸಣ್ಣಗಾಯಿತು. "ಮರ್ತ್ಬುಟ್ಲಾ?" ಎಂದು ಮೆಲ್ಲಗೆ ಕೇಳಿದರು.

ಆದರೆ ನಾನು ಟ್ರೇಲರಿನ ಅಂಚಿನಲ್ಲಿ ನಿಂತು ಅತ್ತೆಯನ್ನಲ್ಲ, ಮಂದೆಯನ್ನು ನೋಡುತ್ತಿದ್ದೆ. ಅಷ್ಟು ತಲೆಗಳಲ್ಲಿ ಒಂದೇ ತಲೆ ಮೇಲೆದ್ದಿತ್ತು. ಟ್ರೇಲರಿನ ಕಡೆ ಒಮ್ಮೆ ನೋಡಿ ಮತ್ತೆ ಕೂಳೆಗೆ ಬಾಯಿ ಹಾಕಿತ್ತು. ಕೇಳಿಸಿತು, ಆದರೆ ಬರುವುದಿಲ್ಲ.

ಕೋಲನ್ನು ಅಲ್ಲೇ ಬಿಟ್ಟು ಇಳಿದೆ. ಮಂದೆಯನ್ನು ಸೀಳಿಕೊಂಡು ಹೋದೆ. ನಾನು ಹತ್ತಿರವಾಗುತ್ತಲೇ ಕೆಂಚಿ ತಲೆ ತಗ್ಗಿಸಿದಳು, ತೊಡೆಗೆ ಒಂದು ಗುದ್ದು ಬಿತ್ತು. ಗುದ್ದು ಬಿದ್ದದ್ದರಿಂದ ಗುರುತು ಇನ್ನೂ ಖಾತ್ರಿಯಾಯಿತು. ಕುತ್ತಿಗೆಗೆ ಎರಡೂ ಕೈ ಹಾಕಿ, ಕೆಸರೋ ಹಿಕ್ಕೆಯೋ ನೋಡದೆ ಎಳೆದುಕೊಂಡೇ ಬಂದೆ. "ಅದೇ ಕಣವ್ವ, ಅದೇ! ಬುಡ್ಬ್ಯಾಡ!" ಎಂದು ಅತ್ತೆ ಟ್ರೇಲರಿನಿಂದ ಕೂಗುತ್ತಿದ್ದರು. ಮಂದೆಯ ಯಜಮಾನ, ಕುರಿ ನನ್ನನ್ನು ಎಳೆಯುತ್ತಿದೆಯೋ, ನಾನು ಕುರಿಯನ್ನು ಎಳೆಯುತ್ತಿದ್ದೇನೆಯೋ ಎಂದು ನೋಡುತ್ತಾ ನಗುತ್ತಿದ್ದ.

ಹಿಂದಿರುಗುವಾಗ ಟ್ರೇಲರಿನಲ್ಲಿ ಅತ್ತೆ, ನಾನು, ನಡುವೆ ಕೆಂಚಿ. ಅತ್ತೆಗೆ ಒಂದೇ ಚಿಂತೆ ಉಳಿದಿತ್ತು, ಹತ್ತಿಯದು. ಆಟದ ಹುಲ್ಲಿನಲ್ಲಿ ಹುಡುಕಿದರೆ ಅಂಥದೇ ಇನ್ನೊಂದು ಕುರಿ ಸಿಗುತ್ತದೆ, ಹಿಡಿದುಕೊಡುತ್ತೇನೆ ಎಂದೆ. "ಬ್ಯಾಡ ಬುಡು. ಇನ್ನೊಂದು ಇಡಿದ್ರೆ ಅದು ಇನ್ನೊಂದೇ ಆಯ್ತದೆ, ಅತ್ತಿ ಆಯ್ತದಾ?"

ಆಗ ವಿವರಿಸಿದೆ. ಅದು ಕಳೆದುಹೋಗಿಲ್ಲ, ಅದೇ ಹತ್ತಿ. ಆ ಆಟದಲ್ಲಿ ಪ್ರಾಣಿಗಳು ಕಾದಾಡಿ ಬೆಳೆಯುತ್ತವೆ, ಇಲ್ಲವೇ ತಿಂದು ಬೆಳೆಯುತ್ತವೆ. ಬೆಳೆದಾಗ ರೂಪ ಬದಲಾಗುತ್ತದೆ. ನೀವು ಅಕ್ಕರೆಯಿಂದ ತಿನ್ನಿಸಿದ್ದಕ್ಕೇ ಬೆಳೆದದ್ದು.

ಅತ್ತೆ ಕೆಂಚಿಯ ಬೆನ್ನು ಸವರಿದರು. ಆಮೇಲೆ ಅವರ ಮುಖ ಅರಳಿತು. "ಅಂಗಂದ್ರೆ ದೊಡ್ಡೋಳಾಗವ್ಳೆ ಅನ್ನು! ಅದ್ನ ಮೊದ್ಲೇ ಏಳಬಾರ್ದಾ?"

ಹೆಣ್ಣು ದೊಡ್ಡವಳಾದರೆ ಚಿಗಳಿ ಮಾಡಬೇಕು. ಮನೆ ತಲುಪಿದ್ದೇ ಅತ್ತೆ ಮಂಚದಿಂದಲೇ ಆಜ್ಞೆ ಕೊಟ್ಟರು. ನಾನು ಎಳ್ಳು ಹುರಿದು, ಬೆಲ್ಲ ಸೇರಿಸಿ ಒರಳಿಗೆ ಹಾಕಿ ಕುಟ್ಟಿದೆ. ಡಬ್ಬಿಯನ್ನು ಕಿಟಕಿಯ ಮೇಲಿಟ್ಟು ಅತ್ತೆ ಅರಿಸಿನ ಕುಂಕುಮವನ್ನೂ ಹಚ್ಚಿದರು. ಕುಂಕುಮ ಗುಂಡಿಯ ಸಂದಿಗೆ ಹೋಗಿ, ಆಮೇಲೆ ಓಡಿಹೋಗುವ ಗುಂಡಿ ಸರಿಯಾಗಿ ಒತ್ತಲಾಗದೆ ಹತ್ತಿ ಕಾದಾಡುವುದು ಅನಿವಾರ್ಯವಾಯಿತು. ಅವಳು ಗೆಲ್ಲತೊಡಗಿದಳು. ಅತ್ತೆಯೂ ಬೇಡ ಅನ್ನಲಿಲ್ಲ.

ಅವತ್ತು ಕುಟ್ಟುತ್ತಿರುವಾಗಲೇ ಎಳ್ಳು ಬೆಲ್ಲದ ವಾಸನೆ ಬೀದಿಗೆ ಹೋಗಿರಬೇಕು. ಪಕ್ಕದ ಮನೆಯ ರತ್ನಕ್ಕ ಬಂದು, ಒರಳಿನ ಮುಂದೆ ಕೂತಿದ್ದ ನನ್ನನ್ನೂ ಮಂಚದ ಮೇಲಿದ್ದ ಅತ್ತೆಯನ್ನೂ ನೋಡಿ, ಮನೆಯಲ್ಲಿ ಬೇರೆ ಹೆಣ್ಣು ಯಾರಿದ್ದಾರೆ ಎಂದು ಸುತ್ತ ಕಣ್ಣಾಡಿಸಿದಳು. "ಇದೇನಕ್ಕ ಚಿಗಳಿ ಕುಟ್ಟುಸ್ತಿದೀಯ? ಯಾರ್ ದೊಡ್ಡೋರಾದ್ರು ನಿಮ್ಮನೇಲಿ?"

ಡಬ್ಬಿಯೊಳಗಿನ ಕುರಿ ಎಂದು ಅತ್ತೆ ಹೇಗೆ ಹೇಳಿಯಾರು ಎಂದು ನಾನು ಒನಕೆ ನಿಲ್ಲಿಸಿ ನೋಡಿದೆ. ಅತ್ತೆ ಒಂದು ಉಂಡೆ ಮುರಿದು ರತ್ನಕ್ಕನ ಕೈಗೆ ಹಾಕಿ, ಇನ್ನರ್ಧವನ್ನು ನನ್ನ ಬಾಯಿಗಿಟ್ಟರು.

"ಇನ್ಯಾರು, ನಮ್ ಸೊಸೆ ಕಣೆ. ಇವತ್ತು ಬೆಳಿಗ್ಗೆ."

ನಾನು ಏನಾದರೂ ಹೇಳಬೇಕೆಂದುಕೊಂಡೆ. ಆದರೆ ಚಿಗಳಿ ಹಲ್ಲಿಗೆ ಅಂಟಿಕೊಂಡಿತ್ತು.