ಬರೆಯದೆ ಬದಲಾದದ್ದು

ಹೆಂಡತಿ ತೀರಿಕೊಂಡ ಮೇಲೆ ಹಾವೇರಿಯ ವಕೀಲ ರಘೋತ್ತಮರಾಯರಿಗೆ ಮನಬಿಚ್ಚಿ ಮಾತಾಡಲು ಉಳಿದವನೆಂದರೆ ಅಲ್ಲಾವುದ್ದೀನ ಮಾಸ್ತರ ಒಬ್ಬನೇ. ಇಬ್ಬರೂ ಧಾರವಾಡದಲ್ಲಿ ಒಂದೇ ಬೆಂಚಿನ ಮೇಲೆ ಕೂತು ಓದಿದವರು. ಬ್ಯಾಡಗಿಯ ಉರ್ದು ಶಾಲೆಯಲ್ಲಿ ಕಲಿಸುತ್ತಿದ್ದ ಮಾಸ್ತರ ರವಿವಾರದ ರೈಲಿಗೆ ಬಂದು ಹೊತ್ತಿಳಿಯುವತನಕ ವಾದ ಮಾಡಿ ಹೋಗುತ್ತಿದ್ದ. ಕೋರ್ಟಿನಲ್ಲಿ ಯಾರೂ ಎದುರಾಡದ ರಾಯರಿಗೆ "ಲೇ ರಘು, ನಿನಗ ತಿಳೀಲಿಲ್ಲ ಬಿಡು" ಅನ್ನುವ ಸಲಿಗೆ ಅವನದು.

೧೯೩೭ರಲ್ಲಿ ಕಾಂಗ್ರೆಸ್ಸಿನವರು ಚುನಾವಣೆ ಗೆದ್ದರೂ ಮಂತ್ರಿಗಳಾಗಲು ಒಪ್ಪಲಿಲ್ಲ. ೧೯೩೫ರ ಹೊಸ ಕಾಯ್ದೆಯಂತೆ ಗವರ್ನರನು ಮಂತ್ರಿಗಳ ಮಾತು ತಳ್ಳಿಹಾಕಬಹುದಿತ್ತು. ಆ ಅಧಿಕಾರ ಬಳಸುವುದಿಲ್ಲವೆಂದು ಮಾತು ಕೊಡಿ ಎಂದು ಹಟ ಹಿಡಿದರು. ಮಳೆಗಾಲದ ಹೊತ್ತಿಗೆ, ದಿನನಿತ್ಯದ ಕಾರಭಾರದಲ್ಲಿ ಸುಮ್ಮನೆ ಕೈಹಾಕುವುದಿಲ್ಲವೆಂಬ ಅರ್ಥದ ಹೇಳಿಕೆ ವೈಸರಾಯನಿಂದ ಬಂತು. ಕಾಯ್ದೆಯಲ್ಲಿ ಒಂದಕ್ಷರವೂ ತಿದ್ದಲಿಲ್ಲ. ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಳ ಬಂತು.

ಮಾಸ್ತರ ಪೇಢೆ ಹಿಡಿದು ಬಂದ. "ಕಾಯ್ದೆ ಬದಲಾತು, ರಘು!"

"ಎಲ್ಲಿ ಬದಲಾಗೇದ? ತೋರಿಸು," ಅಂದರು ರಾಯರು. "ಬರದದ್ದೇ ಕಾಯ್ದೆ. ನಾಳೆ ಗೌರ್ನರಗ ಸಿಟ್ಟು ಬಂದ್ರ ಮಂತ್ರಿಗಳೆಲ್ಲ ಮನೀಗೆ."

"ಆಡಿದ ಮಾತಿಗೂ ತೂಕ ಐತಿ. ನಾಕು ದಿನ ನಡಕೊಂಡು ಬಂದ್ರ ಅದೂ ಕಾಯ್ದೇನ ಆಗ್ತೈತಿ."

"ಇದನ್ನ ಸಾಲಿ ಹುಡುಗರಿಗೆ ಹೇಳು. ಕಾಯ್ದೆ ತಿಳಿಯೋದು ಮಾಸ್ತರ ಮಂದಿ ಕೆಲಸಲ್ಲ."

ಮಾಸ್ತರ ಚಹಾ ಮುಗಿಸಿ ಎದ್ದ. ಮುಂದಿನ ರವಿವಾರವೂ ಬಂದ, ಆದರೆ ಲಗೂನೇ ಹೊರಟ. ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೆ. ಬರುವುದಿಲ್ಲ ಎಂದು ಅವನು ಹೇಳಲಿಲ್ಲ. ಯಾಕೆಂದು ರಾಯರು ಕೇಳಲಿಲ್ಲ. ರವಿವಾರ ರೈಲು ಕೂಗಿದಾಗ ಚಹಾಕ್ಕೆ ಸ್ಟೋವ್ ಹಚ್ಚುವರು, ಬೀದಿ ನೋಡುವರು, ಆರಿಸುವರು.

ಅತ್ತ ಮಂತ್ರಿಗಳ ಕಾರಭಾರ ನಡೆದೇ ಇತ್ತು. ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡವರಿಗೆ ಅದು ತಿರುಗಿ ಸಿಕ್ಕಿತು. ಮೊದಲು ಖಾದಿ ಟೊಪ್ಪಿಗೆ ಕಂಡರೆ ಲಾಠಿ ಎತ್ತುತ್ತಿದ್ದ ಫೌಜದಾರ ಈಗ ಕುರ್ಚಿ ಕೊಡುತ್ತಿದ್ದ. ಗವರ್ನರ ಅಡ್ಡ ಬರಲಿಲ್ಲ. ಮಾಸ್ತರ ಹೇಳಿದ್ದು ಸುಳ್ಳಲ್ಲವೆಂದು ರಾಯರಿಗೆ ಅನಿಸಿತು. ಆದರೆ ಬ್ಯಾಡಗಿಗೆ ಹೋಗಿ ಅದನ್ನು ಹೇಳಲು ಮನಸ್ಸು ಏಳಲಿಲ್ಲ.

೧೯೩೯ರಲ್ಲಿ ಯುದ್ಧ ಬಂತು. ತಮ್ಮನ್ನು ಕೇಳದೆ ದೇಶವನ್ನು ಅದಕ್ಕೆ ಎಳೆದರೆಂದು ಮಂತ್ರಿಗಳು ರಾಜೀನಾಮೆ ಕೊಟ್ಟರು. ಅದೇ ಕಾಯ್ದೆಯ ಕಲಮು ಹಿಡಿದು ಗವರ್ನರ ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡ. "ರಾಯರ, ನೀವಂದದ್ದೇ ಖರೇ ಆತು," ಎಂದು ವಕೀಲರೆಲ್ಲ ಹೊಗಳಿದರು. ರಾಯರಿಗೆ ಆ ಹೊಗಳಿಕೆ ಬೇಕಾಗಿರಲಿಲ್ಲ. ಆ ರವಿವಾರ ತಾವೇ ಬ್ಯಾಡಗಿಯ ರೈಲು ಹತ್ತಿದರು.

ಮಾಸ್ತರ ಬಾಗಿಲಿಗೇ ಬಂದ. "ಬರ್ರಿ ರಾಯರ, ಕುಂದ್ರಿ." ಒಳಗಿದ್ದ ಹೆಂಡತಿಗೆ ಕೂಗಿದ, "ಸುಗರಾ, ವಕೀಲ ಸಾಹೇಬ್ರು ಬಂದಾರ, ಚಾ ಇಡು."

ಬರ್ರಿ, ಕುಂದ್ರಿ. ರಾಯರು "ಲೇ ರಘು" ಎಂಬ ಬೈಗುಳವಾದರೂ ಬಂದೀತೆಂದು ಬಂದಿದ್ದರು.

"ನಿಂದೂ ಖರೇ ಇತ್ತು, ಅಲ್ಲಾವುದ್ದೀನ," ಅಂದರು. "ಎರಡು ವರ್ಷ ಗೌರ್ನರ ಸುಮ್ಮನ ಕೂತಿದ್ನಲ್ಲ. ಆವತ್ತು ನಾ ಹಂಗ ಅನಬಾರದಿತ್ತು."

"ಅಯ್ಯ, ಅದನ್ಯಾಕ ಮನಸಿನ್ಯಾಗ ಇಟಗೊಂಡೀರಿ?" ಮಾಸ್ತರ ನಕ್ಕ. ನಗು ಸುಳ್ಳಾಗಿರಲಿಲ್ಲ.

"ಮೊದಲಿನಂಗ ಮಾತಾಡೋ ಮಾರಾಯ."

"ಆತು ಬಿಡ್ರಿ," ಅಂದ ಮಾಸ್ತರ. ತಾನೇನು ಅಂದೆನೆಂದು ಅವನಿಗೆ ಗೊತ್ತಾಗಲೂ ಇಲ್ಲ.

ಆಮೇಲೂ ವರ್ಷಕ್ಕೊಮ್ಮೆ ಇಬ್ಬರೂ ಭೆಟ್ಟಿಯಾಗುತ್ತಿದ್ದರು, ಮಳೆ ಬೆಳೆ ಮಾತಾಡುತ್ತಿದ್ದರು. ೧೯೪೬ರಲ್ಲಿ ಮುಂಬಯಿಯಲ್ಲಿ ಮತ್ತೆ ಮಂತ್ರಿಮಂಡಳ ಬಂದ ಸುದ್ದಿ ಓದಿ ರಾಯರು "ನೋಡಿದ್ಯೇನೋ?" ಎಂದು, ಮಾಸ್ತರ ಎದುರಿಗೇ ಕೂತಿದ್ದಂತೆ, ದೊಡ್ಡಕ್ಕೇ ಅಂದರು. ಓಣಿಯಲ್ಲಿ ಹೋಗುತ್ತಿದ್ದವನೊಬ್ಬ ಕಿಟಕಿಯತ್ತ ತಿರುಗಿ ನೋಡಿದ. ರಾಯರು ಪೇಪರು ಮಡಚಿಟ್ಟು, ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೊರಟರು.