ಬೀಳಲು ಕಲಿಸಿದ ಮಣ್ಣು

ಹದಿನೆಂಟು ವರ್ಷ ಕಳೆದರೂ ಹಿಂದೂರಾವನ ಆ ಸಿಟ್ಟು ಆರಿಲ್ಲ. ಅಂದಿನ ಕುಸ್ತಿಯಲ್ಲಿ ಎದುರಾಳಿ ಅಡಿಯಲ್ಲಿದ್ದ, ಇನ್ನೊಂದು ಮಗ್ಗುಲು ಹೊರಳಿಸಿದ್ದರೆ ಅವನ ಬೆನ್ನು ಮಣ್ಣಿಗೆ ತಾಗುತ್ತಿತ್ತು. ಅಷ್ಟರಲ್ಲಿ ಹಿಂದೂರಾವನ ಸ್ವಂತ ಗುರು, ವಸ್ತಾದ ಯೇಸಬಾ, ಕಣಕ್ಕಿಳಿದು ಇಬ್ಬರನ್ನೂ ಬಿಡಿಸಿದ. "ಆ ಹುಡುಗನ ಭುಜ ಮುರಿತೈತಿ, ಬಿಡು" ಎಂದ. ಕುಸ್ತಿ ಸಮಸಮ ಆಯಿತು. ಇಡೀ ಕೊಲ್ಹಾಪುರದ ಎದುರು ಗೆದ್ದ ಕುಸ್ತಿ ಕಸಿದುಕೊಂಡನೆಂದು ಹಿಂದೂರಾವ್ ಲಂಗೋಟಿಯನ್ನು ಗರಡಿಯ ಬಾಗಿಲಲ್ಲಿ ಎಸೆದು ಬಂದವನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಆಮೇಲೆ ಬೆಲ್ಲದ ಪೇಟೆಯಲ್ಲಿ ಹಮಾಲಿ. ಮೈ ಸವೆದು ಹೋಯಿತು. ಮನೆಯಲ್ಲಿ ಒಂಬತ್ತು ವರ್ಷದ ಮಗಳು ಶೇವಂತಾ; ಬುದ್ಧಿ ನಿಧಾನ, ನಗು ಬೇಗ. ಬೇಸಿಗೆ ರಜೆಗೆ ಮೊದಲು ಅವಳ ವಿಶೇಷ ಶಾಲೆಯ ನಿಲೋಫರ್ ಟೀಚರ್ ಹೇಳಿಬಿಟ್ಟರು: "ಜೂನ್‌ದಿಂದ ಬಸ್ಸಿನಾಗ ಆಯಾ ಇರೂದಿಲ್ರಿ. ತಾವಾಗೇ ಮೆಟ್ಟಲ ಹತ್ತೋ ಮಕ್ಕಳನ್ನಷ್ಟ ಕರ್ಕೊಂಡು ಹೋಗ್ತೀವಿ. ದಿನಾ ಒಂಟಿಗಾಲಿಲೆ ನಿಲ್ಲಸ್ರಿ, ಗೆರಿ ಮ್ಯಾಲ ನಡಸ್ರಿ."

ಬಸ್ಸು ತಪ್ಪಿದರೆ ಶಾಲೆಯೇ ತಪ್ಪಿದಂತೆ. ಪೈಲ್ವಾನನಿಗೆ ಗೊತ್ತಿದ್ದದ್ದು ಒಂದೇ ಮದ್ದು, ಕೂತು ಏಳುವ ಬೈಠಕ್. ಬೆಳಿಗ್ಗೆ ಮೂವತ್ತು, ಸಂಜೆ ಮೂವತ್ತು. ಮೇಲೆ ಹಾಲು, ಬಾದಾಮಿ. ತಿಂಗಳಲ್ಲಿ ಹುಡುಗಿಯ ಕಾಲು ಒನಕೆಯಂತಾದವು. ಆದರೆ ಒಂದು ಪಾದ ಎತ್ತು ಎಂದರೆ ಸಾಕು, ಗೋಡೆ ತಬ್ಬಿಕೊಂಡು ಅಳುತ್ತಿದ್ದಳು.

"ಮತ್ತ ಬೈಠಕ್!" ಎಂದು ಇವನು ಗುಡುಗುತ್ತಿದ್ದ.

"ಸೋತದ್ದನ್ನ ಕೂಸಿನ ಮ್ಯಾಲ ಯಾಕ ತೀರಿಸ್ಕೋತೀರಿ?" ಎಂದಳು ಹೆಂಡತಿ ಅಕ್ಕಾತಾಯಿ.

"ನಾ ಸೋತಿಲ್ಲ!"

"ಹೂಂ. ಹದಿನೆಂಟು ವರ್ಷದಿಂದ ಕೇಳಾಕತ್ತೇನಿ."

ಮರುದಿನ ಅವಳೇ ಮಗಳನ್ನು ಯೇಸಬಾನ ಬಳಿಗೆ ಕರೆದುಕೊಂಡು ಹೋದಳು. ಸುದ್ದಿ ಕೇಳಿ ಹಿಂದೂರಾವ್ ಹೊತ್ತ ಬೆಲ್ಲದ ಪೆಂಟೆ ಅಲ್ಲೇ ಇಳಿಸಿ ಗರಡಿಗೆ ಓಡಿದ. ನಡು ಮಧ್ಯಾಹ್ನ, ಹುಡುಗರೆಲ್ಲ ಉಂಡು ಮಲಗಿದ್ದರು. ಹೆಣ್ಣುಮಕ್ಕಳು ಕಾಲಿಡದ ಆ ಕೆಂಪು ಮಣ್ಣಿನಲ್ಲಿ ಶೇವಂತಾ ನಿಂತಿದ್ದಳು. ಎಪ್ಪತ್ತು ದಾಟಿದ ಯೇಸಬಾ ಅವಳ ಭುಜ ಮೆಲ್ಲಗೆ ನೂಕಿದ. ಅಗೆದು ಮೆತ್ತಗಾದ ಮಣ್ಣಿಗೆ ಅವಳು ದೊಪ್ಪನೆ ಕುಂಡೆಯೂರಿ ಬಿದ್ದಳು. ಪಕ್ಕದಲ್ಲಿ ಮುದುಕನೂ ಬಿದ್ದ.

"ನೋಡವಾ, ಈ ಆಬಾ ಅಜ್ಜಾನೂ ಬಿದ್ದ!" ಎಂದ.

ಅವಳು ಬಿದ್ದು ಬಿದ್ದು ನಕ್ಕಳು.

"ಹೆಣ್ಣ ಕೂಸನ್ನ ಮಣ್ಣಾಗ ಇಳಿಸೀರಿ. ನಾಳೆ ಊರ ಏನಂದೀತು?" ಹಿಂದೂರಾವ್ ಹೊಸ್ತಿಲಾಚೆಯಿಂದಲೇ ಕೂಗಿದ.

"ಊರು ನನ್ನ ಕೇಳ್ಲಿ. ಲೇ ಹಿಂದ್ಯಾ, ಮೊದಲನೇ ತಿಂಗಳ ನಿನಗ ಏನ ಕಲಿಸಿದ್ನಿ?"

ಕಲಿಸಿದ್ದು ಬೀಳುವುದನ್ನೇ. ಅದೊಂದನ್ನೇ ಹಿಂದೂರಾವ್ ಮರೆತಿದ್ದ.

"ಕಾಲ ಗಟ್ಟಿ ಮಾಡೀದಿ, ಹೆದರಿಕಿ ಹಂಗ ಬಿಟ್ಟೀದಿ. ಹೆದರಿದ ಕಾಲ ನೆಲಾ ಬಿಡೂದಿಲ್ಲಲೇ."

ಅಂದಿನಿಂದ ದಿನವೂ ಮಧ್ಯಾಹ್ನದ ಬಿಡುವಿನಲ್ಲಿ ಹಿಂದೂರಾವನೇ ಮಗಳನ್ನು ಒಳಗೆ ಬಿಟ್ಟು, ಹೊರಗಿನ ಕಟ್ಟೆಯ ಮೇಲೆ ಗರಡಿಗೆ ಬೆನ್ನು ಮಾಡಿ ಕೂರುತ್ತಿದ್ದ. ದಣಿವಿಗೆ ಕಣ್ಣು ಎಳೆಯುತ್ತಿದ್ದವು.

"ಒಳಗ ಬಾರಲೇ, ನಿನ್ನ ಲಂಗೋಟಿ ಇಲಿ ತಿಂದಾವ" ಎಂದು ಮುದುಕ ಕೂಗುತ್ತಿದ್ದ. ಇವನು ಹೋಗುತ್ತಿರಲಿಲ್ಲ. ಒಳಗೆ ಶೇವಂತಾ ಬೀಳುತ್ತಿದ್ದಳು, ಏಳುತ್ತಿದ್ದಳು. ಆಮೇಲೆ ಒಂಟಿಗಾಲಲ್ಲಿ ಎರಡೆಣಿಸುವವರೆಗೆ, ಐದೆಣಿಸುವವರೆಗೆ ನಿಲ್ಲತೊಡಗಿದಳು.

ಜೂನ್‌ನಲ್ಲಿ ಬಸ್ಸು ಬಂತು. ಮೂರು ಮೆಟ್ಟಿಲು. ಶೇವಂತಾ ಸರಳು ಹಿಡಿದು ಮೊದಲನೆಯದನ್ನು ಹತ್ತಿದಳು. ಎರಡನೆಯದಕ್ಕೆ ಕಾಲೆತ್ತಿದವಳು ಓಲಾಡಿದಳು. ಅಪ್ಪನ ಕೈ ತಾನಾಗಿ ಮುಂದೆ ಹೋಯಿತು.

"ಮುಟ್ಟಬ್ಯಾಡ್ರಿ" ಎಂದರು ಟೀಚರ್.

ಅವಳು ದೊಪ್ಪನೆ ಮೆಟ್ಟಿಲ ಮೇಲೆ ಕುಳಿತಳು. ಈಗ ತನ್ನ ಜೊತೆ ಯಾರು ಬೀಳುತ್ತಾರೆ ಎಂಬಂತೆ ಸುತ್ತ ನೋಡಿದಳು, ನಕ್ಕಳು, ಎದ್ದು ಹತ್ತಿಯೇ ಬಿಟ್ಟಳು.

ಹಿಂದೂರಾವ್ ನೇರ ಗರಡಿಗೆ ಹೋದ. ಯೇಸಬಾ ಬಾಗಿಲಲ್ಲಿ ಕುಳಿತಿದ್ದ.

"ಏರಿದಳೇನಲೇ?"

"ಏರಿದ್ಳು."

ಗೆದ್ದವರು ಮೊದಲು ವಸ್ತಾದನ ಪಾದ ಮುಟ್ಟಬೇಕು. ಇವನು ನಿಂತೇ ಇದ್ದ. ಕೊನೆಗೆ ಬಾಯಿಂದ ಬಂದದ್ದು, "ಅವತ್ತಿನ ಕುಸ್ತಿ ನಾ ಗೆದ್ದಿದ್ದೆ."

"ಭುಜ ಮುರೀತಿತ್ತಪಾ" ಎಂದ ಮುದುಕ. ಹದಿನೆಂಟು ವರ್ಷದ ಈ ಜಗಳ ಅವನಿಗೂ ಸಾಕಾಗಿತ್ತು.

ಹಿಂದೂರಾವ್ ತಿರುಗಿ ನಡೆದ. ಇಂದಿಗೂ ಅದೇ ದಾರಿಯಲ್ಲಿ ಓಡಾಡುತ್ತಾನೆ, ಆ ಪಾದ ಮಾತ್ರ ಮುಟ್ಟಿಲ್ಲ. ಹೆಂಡತಿ ಕೇಳಿದರೆ ಸೊಂಟ ಹಿಡಿದಿದೆ, ಬಗ್ಗಲು ಆಗುವುದಿಲ್ಲ ಎನ್ನುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಬೆಲ್ಲದ ಪೆಂಟೆ ಎತ್ತಲು ಬಗ್ಗುವ ಸೊಂಟ ಅದು.