ಏಳನೇ ಪುಟದ ಖಾಲಿ ಸಾಲುಗಳು

೨೦೨೨ರ ಆಗಸ್ಟ್ ೧೫ರಂದು ಬೆಳಿಗ್ಗೆ, ಚಾಮರಾಜಪೇಟೆಯ ಒಂದು ಪ್ರೌಢಶಾಲೆಯ ಮೈದಾನದಲ್ಲಿ, ನನ್ನ ತಂದೆ ತಮ್ಮ ಕೋಟಿನ ಎಡ ಎದೆಯಿಂದ ಎರಡು ಪದಕಗಳನ್ನು ಬಿಚ್ಚಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಮೂರನೆಯದನ್ನು ಹಾಗೇ ಬಿಟ್ಟರು. ಆಗ ಅವರಿಗೆ ಎಪ್ಪತ್ತಮೂರು ವರ್ಷ.

ಧ್ವಜಾರೋಹಣ ಮುಗಿದು ಲಾಡು ಹಂಚುತ್ತಿದ್ದರು. ಪಕ್ಕದ ಕುರ್ಚಿಯಲ್ಲಿದ್ದವರು ಇನ್ನೊಬ್ಬ ಮಾಜಿ ಸೈನಿಕರು, ತಂದೆಗಿಂತ ಇಪ್ಪತ್ತು ವರ್ಷ ಚಿಕ್ಕವರು. ಸ್ನೇಹದಿಂದಲೇ ಕೇಳಿದರು: “ಸರ್, ಇವೆಲ್ಲ ನಿಮ್ ಬುಕ್ಕಲ್ಲಿ ಎಂಟ್ರಿ ಆಗಿದೆ ತಾನೆ? ನಂದೊಂದು ಬಿಟ್ಟೋಗಿತ್ತು, ಎಂಟು ತಿಂಗಳು ಅಲೆಸಿದ್ರು.” ತಂದೆ ಒಂದು ಆಗಿದೆ ಎಂದರು. ಅವರು ಲಾಡು ತರಲು ಎದ್ದುಹೋದಾಗ ತಂದೆಯ ಕೈ ಕೋಟಿನ ಮೇಲೆ ಹೋಯಿತು. ಇದನ್ನು ನೋಡಿದವಳು ನಾನೊಬ್ಬಳೇ.

ಮನೆ ಅಲ್ಲಿಂದ ನಾಲ್ಕು ರಸ್ತೆ ದೂರ. ನಡೆದು ಬರುವಾಗ ಏಕೆ ಬಿಚ್ಚಿದಿರಿ ಎಂದು ಕೇಳಿದೆ. ಪುಸ್ತಕದಲ್ಲಿ ಇಲ್ಲದ್ದು ಎದೆಯ ಮೇಲೆ ಇರಬಾರದು, ಬೇರೆ ಯಾರಾದರೂ ಹಾಗೆ ಹಾಕಿಕೊಂಡು ಬಂದಿದ್ದರೆ ನಾನೇ ಬಿಚ್ಚಿಸುತ್ತಿದ್ದೆ ಎಂದರು. ಹಾಗಾದರೆ ಇಷ್ಟು ವರ್ಷ ಏಕೆ ಹಾಕಿಕೊಂಡಿರಿ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. “ಆಮೇಲೆ ಮಾಡಿಸೋಣ ಅಂತಿದ್ದೆ. ಯಾರೂ ಕೇಳಲೂ ಇಲ್ಲ.”

ಪುಸ್ತಕವೆಂದರೆ ಸೈನ್ಯದಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಬುಕ್. ಸೇರಿದ ದಿನ, ಬಿಟ್ಟ ದಿನ, ಎತ್ತರ, ಮೈಮೇಲಿನ ಮಚ್ಚೆ, ಹೆಂಡತಿ ಮಕ್ಕಳು ಎಲ್ಲವೂ ಅದರಲ್ಲಿ ಇರುತ್ತವೆ. ತಂದೆಯ ಪುಸ್ತಕದ ಏಳನೇ ಪುಟದಲ್ಲಿ ಪದಕಗಳಿಗೆಂದು ಆರು ಸಾಲುಗಳಿವೆ. ಮೊದಲ ಸಾಲಿನಲ್ಲಿ ದೀರ್ಘ ಸೇವೆಯ ಪದಕ. ಉಳಿದ ಐದು ಖಾಲಿ. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿ ದಾಟಿದವರಿಗೆ ಕೊಟ್ಟ ನಕ್ಷತ್ರ ಮತ್ತು ಆ ಯುದ್ಧಕಾಲದ ಸೇವೆಗೆ ಕೊಟ್ಟ ದುಂಡು ಪದಕ, ಎರಡೂ ಅಲ್ಲಿಲ್ಲ.

ಅವು ಏಕಿಲ್ಲ ಎಂಬುದಕ್ಕೆ ತಂದೆಯ ಬಳಿ ವಿವರಣೆಯಿತ್ತು, ನೆಪವಿರಲಿಲ್ಲ. ಅವರು ಸೈನ್ಯದಲ್ಲಿ ಗುಮಾಸ್ತರು. ಕಂಪನಿಯ ಆಫೀಸಿನಲ್ಲಿ ಟೈಪ್‌ರೈಟರ್ ಮುಂದೆ ಕುಳಿತವರು. ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಪದಕಗಳ ಪೆಟ್ಟಿಗೆ ಬಂತು. ಆಗ ಎರಡು ಕಾಗದಗಳು ತಯಾರಾದವು. ಒಂದು, ಪದಕ ತೆಗೆದುಕೊಂಡವರು ಸಹಿ ಹಾಕುವ ಪಟ್ಟಿ. ಇನ್ನೊಂದು, ಯಾರ ದಾಖಲೆಗೆ ಯಾವ ಪದಕ ಸೇರಬೇಕೆಂಬ ಆದೇಶ. ಎರಡನ್ನೂ ಟೈಪ್ ಮಾಡಿದವರು ತಂದೆಯೇ. ಸಹಿಯ ಪಟ್ಟಿಯಲ್ಲಿ ತಮ್ಮ ಹೆಸರು ಹಾಕಿ ಸಹಿ ಮಾಡಿ ಪದಕ ತೆಗೆದುಕೊಂಡರು. ಆದೇಶದಲ್ಲಿ ಮಾತ್ರ ತಮ್ಮ ಹೆಸರು ಹಾಕಲಿಲ್ಲ. ಗುಮಾಸ್ತ ತನ್ನ ದಾಖಲೆಯನ್ನು ತಾನೇ ಬರೆಯಬಾರದು, ಇನ್ನೊಬ್ಬ ಗುಮಾಸ್ತ ಬರೆಯಬೇಕು ಎನ್ನುವುದು ಅವರ ಆಫೀಸಿನ ಕಟ್ಟುಪಾಡು. ಇನ್ನೊಬ್ಬ ಗುಮಾಸ್ತ ರಜೆಯಲ್ಲಿದ್ದ. ಅವನು ಬರುವಷ್ಟರಲ್ಲಿ ತಂದೆಗೆ ವರ್ಗವಾಗಿತ್ತು.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಒಂಬತ್ತು ವರ್ಷ, ಪ್ರಕಟವಾದ ತಪ್ಪುಗಳನ್ನು ಸರಿಪಡಿಸುವ ‘ತಿದ್ದುಪಡಿ’ ಎಂಬ ಸಣ್ಣ ಚೌಕಟ್ಟು ನನ್ನ ಹೊಣೆಯಾಗಿತ್ತು. ಹಾಗಾಗಿ ಇದು ಒಂದು ಅರ್ಜಿಯ ಕೆಲಸ, ಮೂರು ತಿಂಗಳಲ್ಲಿ ಮುಗಿಯುತ್ತದೆ ಎಂದುಕೊಂಡೆ. ಸೆಪ್ಟೆಂಬರಿನಲ್ಲಿ ಅರ್ಜಿ ಹೋಯಿತು. ತಂದೆಯೇ ಬರೆದರು, ನಾನು ತಿದ್ದಲು ಒಂದು ಅಕ್ಷರವೂ ಸಿಗಲಿಲ್ಲ.

ಸೈನಿಕರ ದಾಖಲೆಗಳನ್ನು ಇಟ್ಟುಕೊಂಡಿರುವ ಆಫೀಸು ಇರುವುದು ಉತ್ತರದ ಊರೊಂದರಲ್ಲಿ. ಅಲ್ಲಿಂದ ಉತ್ತರ ಬರಲು ಐದು ತಿಂಗಳಾಯಿತು. ಅದರಲ್ಲಿ ನಾಲ್ಕು ಅಂಶಗಳಿದ್ದವು. ಆದೇಶದಲ್ಲಿ ನಿಮ್ಮ ಹೆಸರಿಲ್ಲ. ಬಿಡುಗಡೆಯ ದಿನ ‘ಓದಿ ನೋಡಿದೆ, ಸರಿಯಾಗಿದೆ’ ಎಂದು ನೀವೇ ಸಹಿ ಮಾಡಿದ್ದೀರಿ. ಆ ಅವಧಿಯಲ್ಲಿ ನೀವು ಸೇವೆಯಲ್ಲಿ ಇದ್ದದ್ದು ದಾಖಲಾಗಿರುವುದರಿಂದ ದುಂಡು ಪದಕವನ್ನು ಸೇರಿಸಬಹುದು. ಗಡಿ ದಾಟಿದ್ದಕ್ಕೆ ಪುರಾವೆ ಇಲ್ಲದ ಕಾರಣ ನಕ್ಷತ್ರವನ್ನು ಸೇರಿಸಲಾಗದು. ಒಪ್ಪಿದರೆ ಲಗತ್ತಿಸಿದ ಹಾಳೆಗೆ ಸಹಿ ಮಾಡಿ ಕಳಿಸಿ.

ನಾನು ಒಂದಾದರೂ ಆಗಲಿ ಎಂದೆ. ತಂದೆ ಆ ಹಾಳೆಯನ್ನು ಎರಡು ಸಲ ಓದಿ ಕೊನೆಯ ಸಾಲಿನ ಕೆಳಗೆ ಉಗುರಿನಿಂದ ಗೀರಿ ತೋರಿಸಿದರು. ತಿದ್ದಿದ ಪುಸ್ತಕವನ್ನು ಪೂರ್ಣವೆಂದು ಒಪ್ಪಿದ್ದೇನೆ, ಮುಂದೆ ಬೇರೆ ಹಕ್ಕು ಕೇಳುವುದಿಲ್ಲ ಎಂದು ಅದರಲ್ಲಿತ್ತು.

“ಒಂದ್ಸಲ ಓದದೇನೇ ಸೈನ್ ಮಾಡಿ ಸಿಕ್ಕಾಕ್ಕೊಂಡಿದೀನಿ ಕಣಮ್ಮ. ಈಗ ಓದಿ ಸೈನ್ ಮಾಡು ಅಂತೀಯ.”

ಸಹಿ ಮಾಡಲಿಲ್ಲ.

ಆಗಿನಿಂದ ನಮ್ಮ ಮನೆಯ ದಿನಚರಿ ಅಂಚೆಯವರ ಮೇಲೆ ನಿಂತಿತು. ರಿಜಿಸ್ಟರ್ಡ್ ಅಂಚೆಗೆ ಅವರೇ ಸಹಿ ಹಾಕಬೇಕು. ಉತ್ತರ ಕೊಡಲು ಮೂವತ್ತು ದಿನ ಮಾತ್ರ. ಹನ್ನೊಂದರಿಂದ ಒಂದು ಗಂಟೆಯವರೆಗೆ ಅವರು ಮುಂದಿನ ಕೋಣೆಯ ಕಿಟಕಿಯ ಬಳಿ ಕೂರತೊಡಗಿದರು. ಬೆಳಗಿನ ಹೊತ್ತು ಗಾಂಧಿ ಬಜಾರಿಗೆ ನಡೆದುಹೋಗಿ, ಹೂವು ತಂದು, ಕಾಫಿ ಕುಡಿದು, ಹನ್ನೆರಡಕ್ಕೆ ಬರುತ್ತಿದ್ದವರು ಅದನ್ನು ಬಿಟ್ಟರು. ತುಮಕೂರಿನಲ್ಲಿ ನನ್ನ ಸೋದರತ್ತೆಯ ಮೊಮ್ಮಗಳ ಮದುವೆಗೂ ಹೋಗಲಿಲ್ಲ. ಒಬ್ಬರನ್ನೇ ಬಿಟ್ಟು ನಾನೂ ಹೋಗಲಿಲ್ಲ. ಅಂಚೆಯವರು ನಮ್ಮ ಗೇಟು ದಾಟುವಾಗ ಕೇಳದಿದ್ದರೂ “ಇಲ್ಲ ಸಾರ್” ಎಂದು ಹೇಳಿಕೊಂಡೇ ಹೋಗುತ್ತಿದ್ದರು.

ಆಫೀಸಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಪೇಪರಿನಲ್ಲಿ ಒಂದು ಬಾಕ್ಸ್ ಐಟಂ ಮಾಡೋಣ, ಸುದ್ದಿಯಾದರೆ ವಾರದಲ್ಲಿ ಕೆಲಸ ಆಗುತ್ತೆ ಎಂದರು. ಮನೆಯಲ್ಲಿ ಹೇಳಿದೆ. ತಂದೆ ನನ್ನನ್ನೇ ಕೇಳಿದರು: “ಪೇಪರ್ನಲ್ಲಿ ಬಂತು ಅಂತ ಯಾರಾದ್ರೂ ತಿದ್ದು ಅಂದ್ರೆ ನೀನು ತಿದ್ತಿದ್ಯಾ?” ನಾನು ತಿದ್ದುತ್ತಿರಲಿಲ್ಲ. ಸತ್ತವರ ವಯಸ್ಸು ತಪ್ಪಾಗಿದೆ ಎಂದು ಮಗ ಬಂದು ಅತ್ತಾಗಲೂ ದಾಖಲೆ ತನ್ನಿ ಎಂದಿದ್ದೇನೆ. ಆ ವಿಷಯ ಅಲ್ಲಿಗೇ ನಿಂತಿತು.

ನಗರದಲ್ಲಿ ಮಾಜಿ ಸೈನಿಕರ ಕೆಲಸ ನೋಡುವ ಒಂದು ಕಚೇರಿಯಿದೆ. ೨೦೨೩ರ ಜೂನಿನಲ್ಲಿ ಅಲ್ಲಿಗೆ ಹೋದೆವು. ಕೌಂಟರಿನಲ್ಲಿ ನಲವತ್ತರ ಆಸುಪಾಸಿನ ಮಹಿಳೆ. ಪೂರ್ತಿ ಕಡತ ಓದಿದರು. ಹಾಗೆ ಓದಿದವರು ಅವರೊಬ್ಬರೇ. ಜೊತೆಗಿದ್ದವರೊಬ್ಬರ ಸಾಕ್ಷಿ ಬೇಕು, ಅವರ ಪುಸ್ತಕದಲ್ಲಿ ಅದೇ ನಕ್ಷತ್ರ ಇರಬೇಕು, ಯಾವ ದಿನ ಗಡಿ ದಾಟಿದರೆಂದು ಅವರು ಬರೆದುಕೊಡಬೇಕು ಎಂದರು. ತಂದೆ, ಐವತ್ತು ವರ್ಷದ ಹಿಂದಿನ ದಿನಾಂಕ ಯಾರಿಗೆ ನೆನಪಿರುತ್ತದೆ, ಕಂಪನಿ ಅಲ್ಲಿತ್ತು ಎಂದ ಮೇಲೆ ಅದರ ಗುಮಾಸ್ತನೂ ಅಲ್ಲಿದ್ದ ಎಂದು ಅರ್ಥವಲ್ಲವೇ ಎಂದು ಕೇಳಿದರು.

ಆಕೆ ಪೆನ್ನು ಕೆಳಗಿಟ್ಟರು. “ಸರ್, ನೀವೂ ಇದೇ ಕೆಲಸ ಮಾಡಿದೋರು. ಪ್ರೂಫ್ ಇಲ್ದೆ ಯಾರಿಗಾದ್ರೂ ಎಂಟ್ರಿ ಹಾಕಿದೀರಾ?”

“ಹಾಕಿಲ್ಲಮ್ಮ.”

“ಮತ್ತೆ?”

ಆಕೆ ಗೆದ್ದವರಂತೆ ಕಾಣಲಿಲ್ಲ. ನಮಗೆ ಫಾರಂ ಕೊಟ್ಟು, ಮಧ್ಯಾಹ್ನದ ಬಿಸಿಲಿಗೆ ಹೋಗಬೇಡಿ ಎಂದು ಸ್ವಲ್ಪ ಹೊತ್ತು ಫ್ಯಾನಿನ ಕೆಳಗೆ ಕೂರಿಸಿದರು.

ಸಾಕ್ಷಿಯೆಂದರೆ ಬದುಕಿದ್ದವರು ಒಬ್ಬರೇ: ಅದೇ ಕಂಪನಿಯ ಲಾರಿ ಓಡಿಸುತ್ತಿದ್ದವರು, ಶ್ರೀರಾಂಪುರದಲ್ಲಿ ಮಗಳ ಮನೆಯ ಮೇಲಿನ ಒಂದು ಕೋಣೆಯಲ್ಲಿ ಇರುವವರು. ಕಡಿದಾದ ಮೆಟ್ಟಿಲು. ತಂದೆ ಎರಡು ಕಡೆ ನಿಂತು ಹತ್ತಿದರು. ಸೈನ್ಯದಲ್ಲಿ ಗುಮಾಸ್ತರನ್ನು ಬಾಬು ಎಂದು ಕರೆಯುವುದು ವಾಡಿಕೆ; ಡ್ರೈವರ್ ಹಾಗೆಯೇ ಕರೆದರು.

“ಬಾ ಬಾಬು, ಬಾ. ಊರಿನೋರಿಗೆಲ್ಲ ಮೆಡಲ್ ಹಂಚ್ಬಿಟ್ಟು ನೀನು ಬರೀ ಎದೇಲಿ ಬಂದಿದೀಯಲ್ಲಯ್ಯ.” ಮಗಳ ಕಡೆ ತಿರುಗಿದರು. “ನನ್ ರಜೆ ಚೀಟಿ ಎರಡ್ಸಲ ವಾಪಸ್ ಕಳ್ಸಿದ್ದ ಇವ್ನು. ತಾರೀಕು ಸರಿ ಇಲ್ಲ ಅಂತ. ಕಾಫಿ ಕೊಡು, ಸಕ್ರೆ ಹಾಕ್ಬೇಡ.”

ಅವರು ಬಿಡುಗಡೆಯಾದದ್ದು ಪದಕಗಳು ಬಂದ ವರ್ಷವೇ, ತಂದೆಗೆ ವರ್ಗವಾಗುವ ಮೊದಲು. ಅವರ ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿತ್ತು. ಏಳನೇ ಪುಟದಲ್ಲಿ ನಕ್ಷತ್ರವಿತ್ತು, ಪಕ್ಕದಲ್ಲಿ ಆದೇಶದ ಸಂಖ್ಯೆ ಇತ್ತು, ಅದರ ಕೆಳಗೆ ಗುಮಾಸ್ತನ ಚುಟುಕು ಸಹಿ. ಅದು ನನ್ನ ತಂದೆಯದು. ಅವರು ಅದರ ಮೇಲೆ ಬೆರಳಿಟ್ಟು, ತೆಗೆದರು.

ಡ್ರೈವರ್ ಫಾರಂ ಕೇಳಿದರು, ಎಲ್ಲಿ ಸಹಿ ಎಂದರು. ಡಿಸೆಂಬರಿನ ಯಾವ ದಿನ ಬೇಕು ಹೇಳು, ಹಾಕುತ್ತೇನೆ ಎಂದರು. ತಂದೆ ನಿಮಗೆ ನೆನಪಿರುವುದನ್ನು ಮಾತ್ರ ಬರೆಯಿರಿ ಎಂದರು. ಅವರಿಗೆ ನೆನಪಿದ್ದದ್ದು ಇದು: ತೆಪ್ಪಗಳ ಮೇಲೆ ಹಾಸಿದ ಸೇತುವೆ, ಎರಡನೇ ಟ್ರಿಪ್ಪು, ಮುಂದಿನ ಸೀಟಿನಲ್ಲಿ ಬಾಬು, ಅವರ ತೊಡೆಯ ಮೇಲೆ ಕಂಬಳಿ ಸುತ್ತಿದ ಟೈಪ್‌ರೈಟರ್. ಗುಂಡಿ ಬಂದಾಗಲೆಲ್ಲ ಬಾಬು ತನ್ನ ತಲೆ ಬಿಟ್ಟು ಅದನ್ನು ಹಿಡಿದುಕೊಳ್ಳುತ್ತಿದ್ದ. ದಿನ ನೆನಪಿಲ್ಲ.

“ಐದೋ ಆರೋ ಹಾಕ್ಬಿಡ್ತೀನಿ. ಯಾರು ನೋಡ್ತಾರೆ?”

“ನಾನ್ ನೋಡ್ತೀನಿ,” ಎಂದರು ತಂದೆ.

“ಇವ್ನು ಸಾಯೋವರ್ಗೂ ಬಾಬೂನೇ,” ಎಂದು ಡ್ರೈವರ್ ನನಗೆ ಹೇಳಿದರು. ದಿನಾಂಕದ ಜಾಗ ಬಿಟ್ಟು ಉಳಿದದ್ದೆಲ್ಲ ಬರೆದುಕೊಟ್ಟರು, ಕಂಬಳಿಯ ಬಣ್ಣವನ್ನೂ ಸೇರಿಸಿ.

ಆ ಸಾಕ್ಷಿಪತ್ರ ನವೆಂಬರಿನಲ್ಲಿ ವಾಪಸು ಬಂತು. ದಿನಾಂಕವಿಲ್ಲದ ಹೇಳಿಕೆಯನ್ನು ಪರಿಗಣಿಸಲಾಗದು.

ಇದಾದ ಮೇಲೆ ಡ್ರೈವರ್ ಪುಸ್ತಕದ ಜೆರಾಕ್ಸ್ ಪ್ರತಿಯನ್ನು ಒಂದು ಭಾನುವಾರ ಮತ್ತೆ ತೆಗೆದೆ. ಡೆಸ್ಕಿನಲ್ಲಿ ಒಂದು ದಾರಿ ಮುಚ್ಚಿದರೆ ಮೂಲ ಕಾಗದಕ್ಕೆ ಹೋಗುವುದು ಅಭ್ಯಾಸ. ಆದೇಶದಲ್ಲಿ ತಂದೆಯ ಹೆಸರಿಲ್ಲ, ಸರಿ. ಪದಕ ತೆಗೆದುಕೊಂಡವರ ಸಹಿಯ ಪಟ್ಟಿಯಲ್ಲಿ ಇದೆ. ಆ ಪಟ್ಟಿಯನ್ನು ಯಾವ ಕಡತದಲ್ಲಿ ಇಡುತ್ತಿದ್ದಿರಿ ಎಂದು ಕೇಳಿದೆ. ಆದೇಶದ ಸಂಖ್ಯೆಯ ಕಡತದಲ್ಲೇ, ಹಿಂದೆ ಟ್ಯಾಗ್ ಹಾಕಿ ಎಂದರು. ಆ ಸಂಖ್ಯೆ ಡ್ರೈವರ್ ಪುಸ್ತಕದಲ್ಲಿತ್ತು. ಕೌಂಟರಿನ ಮಹಿಳೆಗೆ ಫೋನ್ ಮಾಡಿದೆ. ಆ ಪಟ್ಟಿ ಸಿಕ್ಕರೆ ಬೇರೆ ಸಾಕ್ಷಿಯೇ ಬೇಡ, ಗಡಿ ದಾಟಿದವರಿಗಷ್ಟೇ ನಕ್ಷತ್ರ ಹಂಚಿರುತ್ತಾರೆ ಎಂದರು.

ಪಟ್ಟಿಯಲ್ಲಿ ನಿಮ್ಮ ಹೆಸರು ಎಷ್ಟನೆಯದು ಎಂದು ತಂದೆಯನ್ನು ಕೇಳಿದೆ. ಅದನ್ನು ಕೇಳಬೇಕೇ ಎನ್ನುವಂತೆ ನೋಡಿದರು. ಪಟ್ಟಿ ಮಾಡುವ ಗುಮಾಸ್ತ ತನ್ನ ಹೆಸರನ್ನು ಕೊನೆಗೆ ಹಾಕುತ್ತಾನೆ. ಮೊದಲು ಬೇರೆಯವರಿಗೆ ಹಂಚಿ, ಉಳಿದರೆ ತನಗೆ.

ಆ ಪಟ್ಟಿಯನ್ನು ಹುಡುಕಿಸಬೇಕೆಂದು ಉತ್ತರದ ಆಫೀಸಿಗೆ ಬರೆದೆವು. ೨೦೨೪ರ ಮಾರ್ಚಿನಲ್ಲಿ ಉತ್ತರ ಬಂತು. ಹುಡುಕುತ್ತೇವೆ, ಆದರೆ ಮೂಲ ಪುಸ್ತಕ ಕಳಿಸಿದ ಮೇಲೆ ಮಾತ್ರ. ಇದಕ್ಕೆ ತಂದೆ ಹೆದರಿಕೊಂಡೇ ಇದ್ದರು. ಸೈನಿಕರ ಆಸ್ಪತ್ರೆ ಕಾರ್ಡಿನ ನವೀಕರಣಕ್ಕೆ ಅದೇ ಪುಸ್ತಕ ಬೇಕು. ಅವರ ಬಲಗಣ್ಣಿನ ಪೊರೆಯ ಆಪರೇಷನ್ನಿಗೆ ಆ ಕಾರ್ಡು ಬೇಕು. ಆಪರೇಷನ್ ಮುಗಿಸಿ ಆಮೇಲೆ ಕಳಿಸೋಣ ಎಂದೆ. ಮೂವತ್ತು ದಿನ, ಎಂದರು. ಕಾರ್ಡಿಲ್ಲದೆ ಖಾಸಗಿಯಾಗಿ ಮಾಡಿಸುತ್ತೇನೆ ಎಂದೆ. ತಮ್ಮದು ಅಂತ ಇರುವ ಆಸ್ಪತ್ರೆ ಬಿಟ್ಟು ಬರುವುದಿಲ್ಲ ಎಂದರು. ಆ ವಾರ ನಾವಿಬ್ಬರೂ ಒಂದೇ ಮನೆಯಲ್ಲಿ ಹೆಚ್ಚು ಮಾತಾಡಲಿಲ್ಲ.

ಇಪ್ಪತ್ತಾರನೇ ದಿನ ಪುಸ್ತಕವನ್ನು ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿ, ದಪ್ಪ ಕವರಿಗೆ ಹಾಕಿ, ನಾಲ್ಕು ಮೂಲೆಗೂ ಅರಗು ಒತ್ತಿದರು. ಅರಗು ಈಗ ಯಾರೂ ಕೇಳುವುದಿಲ್ಲ ಎಂದು ಅಂಚೆ ಕಚೇರಿಯಲ್ಲಿ ಹೇಳಿದರು. ರಸೀದಿಯನ್ನು ಅವರು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಅಂಗಿ ಬದಲಾದಾಗ ರಸೀದಿಯೂ ಹೊಸ ಜೇಬಿಗೆ ಹೋಗುತ್ತಿತ್ತು. ಈಗ ಅದರ ಮೇಲಿನ ಅಂಕಿಗಳು ಮಾಸಿವೆ. ನಾನು ಫೋನಿನಲ್ಲಿ ಫೋಟೊ ಇಟ್ಟುಕೊಂಡಿದ್ದೇನೆ.

ಪುಸ್ತಕ ತಲುಪಿದೆ ಎಂದು ಒಂಬತ್ತನೇ ದಿನ ಸಂದೇಶ ಬಂತು. ಆನಂತರ ಏಳು ತಿಂಗಳು ಏನೂ ಬರಲಿಲ್ಲ. ಈ ನಡುವೆ ಆಗಸ್ಟ್ ೧೫ಕ್ಕೆ ಶಾಲೆಯವರು ಕರೆಯಲು ಬಂದರು. ತಂದೆ ಕೋಟು ಹಾಕಿಕೊಂಡು ಹೋದರು, ಮೂರನೇ ಪದಕವನ್ನೂ ಹಾಕಲಿಲ್ಲ. ಪುಸ್ತಕವೇ ಕೈಯಲ್ಲಿಲ್ಲದಾಗ ಯಾವುದನ್ನು ಹಾಕುವುದು ಎಂದರು. ಮುಖ್ಯೋಪಾಧ್ಯಾಯರು ಮಕ್ಕಳಿಗೆ ಅವರನ್ನು ಪರಿಚಯಿಸುವಾಗ ಹಿಂದಿನ ವರ್ಷಗಳ ಚೀಟಿಯನ್ನೇ ಓದಿದರು. ಅದರಲ್ಲಿ ಮೂರು ಪದಕ ಎಂದಿತ್ತು. ತಂದೆ ಅರ್ಧ ಎದ್ದು, ಕೈ ಮುಗಿದು, ಕುಳಿತರು.

ಈಗ ಬಲಗಣ್ಣಿಗೆ ಬೆಳಕು ಮಾತ್ರ ಕಾಣುತ್ತದೆ. ಅಂಚೆಯವರನ್ನು ಹೆಜ್ಜೆಯ ಸದ್ದಿನಿಂದ ಗುರುತಿಸುತ್ತಾರೆ.

೨೦೨೪ರ ನವೆಂಬರ್ ಕೊನೆಯ ವಾರ ಬಂದ ಪತ್ರವನ್ನು ನಾನು ಅವರಿಗೆ ಓದಿ ಹೇಳಿದೆ. ಪುಸ್ತಕ ಆಫೀಸಿನ ಸುಪರ್ದಿಯಲ್ಲಿದೆ. ಕಡತ ಸಿಕ್ಕಿದೆ. ಪದಕ ತೆಗೆದುಕೊಂಡವರ ಪಟ್ಟಿ ಮೂರು ಹಾಳೆಗಳದ್ದು. ಮೊದಲನೆಯ ಮತ್ತು ಎರಡನೆಯ ಹಾಳೆಗಳು ಕಡತದಲ್ಲಿವೆ. ಮೂರನೆಯದರ ಹುಡುಕಾಟ ನಡೆದಿದೆ.